ಶಿಬಿರ ಮುಗಿಯಿತು, ಇನ್ನು ಕರೆಗೆ ಯಾವಾಗ?

ಅಳದಂಗಡಿ: ಕಂಬಳದ ಓಟ ಕಲಿಯಲು ಶಿಬಿರಕ್ಕೆ ಹೋದ ಹುಡುಗ ಊರಿಗೆ ಬಂದ ಮರುದಿನ ಏನು ಮಾಡುತ್ತಾನೆ? ಮಲಗುತ್ತಾನೆ! ಎರಡನೇ ದಿನ ಪೇಟೆಗೆ ಬಂದು ಮೊಬೈಲಿನಲ್ಲಿರುವ ಫೋಟೋ ನಾಲ್ಕು ಜನರಿಗೆ ತೋರಿಸುತ್ತಾನೆ. ಮೂರನೇ ದಿನದಿಂದ ಪೇಟೆಯ ವಿಚಾರಣೆ ಶುರು. "ಏನು ಮಾರಾಯ, ಈ ಸಲ ಯಾರ ಕೋಣ ಓಡಿಸುವುದು?" ಹುಡುಗನ ಹತ್ತಿರ ಉತ್ತರ ಇಲ್ಲ. ತಿಂಗಳು ಕಳೆಯುವಾಗ ಬೆಳಗಿನ ಓಟವೂ ನಿಂತಿರುತ್ತದೆ. ಸೀಸನ್ ಬಂದಾಗ ಅವನು ಕರೆಯ ಬದಿಯಲ್ಲಿ ನೆಲಗಡಲೆ ಜಗಿಯುತ್ತಾ ನಿಂತ ಪ್ರೇಕ್ಷಕ.

ಎಲ್ಲರ ಕತೆಯೂ ಹೀಗೆಯೇ ಎಂದಲ್ಲ. ಆದರೆ ಶಿಬಿರ ಮುಗಿಸಿದವರೆಲ್ಲ ಕರೆಗೆ ಇಳಿಯುವುದಿಲ್ಲ, ಇಳಿದವರೆಲ್ಲ ಮುಂದಿನ ಸೀಸನಿಗೆ ಉಳಿಯುವುದಿಲ್ಲ. ಕಲಿಸುವುದಕ್ಕೆ ಈಗ ಜನ ಉಂಟು. ಕಲಿತ ಮೇಲೆ ಎಂತ ಮಾಡುವುದು ಎಂಬುದೇ ತಕರಾರು.

ಅಳದಂಗಡಿಯವರಿಗೆ ಇದು ದೂರದ ಊರಿನ ಸುದ್ದಿಯಲ್ಲ. ಇಲ್ಲಿಂದ ನಾರಾವಿ ಕಡೆಯ ಬಸ್ಸಿನಲ್ಲಿ ಕೂತರೆ ಮುಂದೆ ಬಜಗೋಳಿ, ಅದರಾಚೆ ಕಾರ್ಕಳ ಮುಟ್ಟುವ ಮೊದಲು ಮಿಯ್ಯಾರು. ಅಲ್ಲಿ ಲವ-ಕುಶ ಜೋಡುಕರೆ. ಇತ್ತ ಗುರುವಾಯನಕೆರೆಗೆ ಬಂದು ಬಸ್ಸು ಬದಲಿಸಿದರೆ ವೇಣೂರು, ಪೆರ್ಮುಡದ ಸೂರ್ಯ-ಚಂದ್ರ. ಇನ್ನೂ ಮುಂದೆ ಮೂಡುಬಿದಿರೆ, ಕಡಲಕೆರೆಯ ಕೋಟಿ-ಚೆನ್ನಯ. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ. ಜೋಡುಕರೆಗೆ ಜೋಡಿ ಹೆಸರೇ ಆಗಬೇಕು. ಒಂಟಿ ಹೆಸರಿಟ್ಟರೆ ಒಂದು ಕರೆಗೆ ಬೇಸರವಾದೀತು! ನವೆಂಬರಿನಿಂದ ಮಾರ್ಚ್ ದಾಟುವವರೆಗೆ ಶನಿವಾರ ಬಂತೆಂದರೆ ಈ ಬದಿಯ ಬಸ್ಸುಗಳಲ್ಲಿ ಮಾತೆಲ್ಲ ಕೋಣದ್ದೇ.

ಹಿಂದೆ ಓಟಗಾರ ತಯಾರಾಗುತ್ತಿದ್ದದ್ದು ಕೋಣ ಸಾಕುವ ಮನೆಯ ಹಟ್ಟಿಯಲ್ಲಿ. ಬೆಳಿಗ್ಗೆ ಗದ್ದೆ ಉಳುವವನೇ ಕಂಬಳದ ದಿನ ಕೋಣ ಓಡಿಸುವವ. ಕಲಿಸುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಗದ್ದೆಗೆ ಟಿಲ್ಲರ್ ಬಂತು, ಎಷ್ಟೋ ಗದ್ದೆ ಅಡಿಕೆ ತೋಟವಾಯಿತು. ಕೋಣದ ಹಗ್ಗ ಒಮ್ಮೆಯೂ ಕೈಯಲ್ಲಿ ಹಿಡಿಯದ ಹುಡುಗರು ಬೆಳೆದರು. ಓಟಗಾರರ ಸಾಲು ಸಪೂರವಾಗುತ್ತಾ ಬಂದಾಗ ಪ್ರೊ. ಕೆ. ಗುಣಪಾಲ ಕಡಂಬರ ಮುಂದಾಳುತನದಲ್ಲಿ ಕಂಬಳ ಸಂರಕ್ಷಣೆ, ನಿರ್ವಹಣೆ ಮತ್ತು ತರಬೇತಿ ಅಕಾಡೆಮಿ ಶುರುವಾಯಿತು. 2011ರಿಂದ ಹೊಸ ಹುಡುಗರಿಗೆ ಶಿಬಿರ. ವ್ಯಾಯಾಮ, ಯೋಗ, ಕೋಣದ ಹತ್ತಿರ ಹೋಗುವ ಕ್ರಮ, ಹಗ್ಗ ಹಿಡಿಯುವುದು, ನೇಗಿಲು ಹಿಡಿಯುವುದು ಎಲ್ಲ ಅಲ್ಲಿ ಸಿಗುತ್ತದೆ. ಒಂದು ಮಾತ್ರ ಸಿಗುವುದಿಲ್ಲ: ಓಡಿಸಲಿಕ್ಕೆ ಒಂದು ಜತೆ ಕೋಣ. ಅದನ್ನು ಕೊಡಬೇಕಾದವರು ಯಜಮಾನರು. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸಿ ಮಕ್ಕಳ ಹಾಗೆ ಸಾಕಿದ ಕೋಣವನ್ನು ನಿನ್ನೆ ಮೊನ್ನೆ ಕಲಿತವನ ಕೈಗೆ ಯಾರು ಕೊಡುತ್ತಾರೆ ಮಾರಾಯ್ರೆ?

ಗಡಿಯಾರದ ಹುಚ್ಚು

ಹುಡುಗರ ತಲೆ ಕೆಡಿಸಿದ್ದು 2020ರ ಫೆಬ್ರವರಿ. ಆ ತಿಂಗಳ 1ರಂದು ಐಕಳದ ಕಾಂತಾಬಾರೆ-ಬೂದಾಬಾರೆ ಕರೆಯಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಪುಣ್ಯಾತ್ಮರು ಅದನ್ನು ನೂರು ಮೀಟರಿಗೆ ಭಾಗಿಸಿದರು. 9.55! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ್ದು 9.58. ಸರಿ, ಮಿಜಾರಿನ ಹೆಸರು ಲೋಕವೆಲ್ಲ ಸುತ್ತಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61ರಲ್ಲಿ ಮುಗಿಸಿದರು. ಭಾಗಿಸಿದರೆ 9.51. ಆಗ ಇಡೀ ದೇಶದ ನೂರು ಮೀಟರ್ ದಾಖಲೆ ಅಮಿಯ ಮಲ್ಲಿಕ್ ಅವರದ್ದು, 2016ರ 10.26.

ಲೆಕ್ಕ ಸುಳ್ಳಲ್ಲ. ಆದರೆ ಲೆಕ್ಕ ಹೇಳದ ಸಂಗತಿ ಉಂಟು. ಯಾವ ಓಟದಲ್ಲೂ ಹೆಚ್ಚು ಸಮಯ ತಿನ್ನುವುದು ನಿಂತಲ್ಲಿಂದ ಹೊರಡುವ ಮೊದಲ ಕೆಲವು ಮೀಟರ್. ಓಟ ಉದ್ದವಾದಷ್ಟೂ ಆ ನಷ್ಟ ಹಂಚಿ ಹೋಗುತ್ತದೆ. ಅದೇ ಬೋಲ್ಟ್ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದುಂಟು. ನಮ್ಮ ಕ್ರಮದಲ್ಲೇ ಭಾಗಿಸಿ ನೋಡಿ: 9.57 ಸಿಗುತ್ತದೆ, ಅವರ ನೂರರ ದಾಖಲೆಗಿಂತಲೂ ಕಡಿಮೆ! ಅವರನ್ನು ಎಳೆಯುವುದಕ್ಕೆ ಮುಂದೆ ಕೋಣ ಇರಲಿಲ್ಲ. ನಮ್ಮವರ ಕಾಲ ಕೆಳಗೆ ಗಟ್ಟಿ ನೆಲ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅಂಗಡಿಯವರು ಒಪ್ಪುವ ವ್ಯಾಪಾರ ಅಲ್ಲ.

ಇದನ್ನು ಎಲ್ಲರಿಗಿಂತ ಮೊದಲು ಹೇಳಿದವರು ಶ್ರೀನಿವಾಸ ಗೌಡರೇ. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷಾ ಓಟಕ್ಕೆ ಕರೆದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಸನ್ಮಾನ ಸ್ವೀಕರಿಸಿದ ಗೌಡರು ಟ್ರ್ಯಾಕಿನ ಓಟ ಬೇಡ ಎಂದರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡುವುದು, ಟ್ರ್ಯಾಕಿನಲ್ಲಿ ಬೆರಳ ತುದಿಯಲ್ಲಿ ಓಡುವುದು, ಎರಡೂ ಬೇರೆ ಎಂಬುದು ಅವರ ವಾದ. ವೇಗದಲ್ಲಿ ಕೋಣದ ಪಾಲು ಎಷ್ಟು ಎಂಬುದೂ ಅವರಿಗೆ ಗೊತ್ತಿತ್ತು. ಅಕಾಡೆಮಿಯಲ್ಲಿ ಕಲಿತು ವರ್ಷಗಟ್ಟಲೆ ಕರೆಗಳಲ್ಲಿ ಓಡಿದ ಮೇಲೆ ಬಂದದ್ದು ಆ 13.62. ಶಿಬಿರ ಮುಗಿದ ಮರುವಾರ ಬಂದದ್ದಲ್ಲ! ಹೊಸ ಹುಡುಗರು ನಂಬರ್ ಮಾತ್ರ ನೋಡಿದರು, ನಡುವಿನ ವರ್ಷಗಳನ್ನು ನೋಡಲಿಲ್ಲ.

'ಕಿರಿಯ' ಎಂದರೆ ಯಾರು?

ಹೊಸಬರಲ್ಲಿ ಒಂದು ತಪ್ಪು ಎಣಿಕೆ ಉಂಟು. ಕಂಬಳದಲ್ಲಿ ನೇಗಿಲು ಕಿರಿಯ, ಹಗ್ಗ ಕಿರಿಯ ಎಂಬ ವಿಭಾಗಗಳಿವೆಯಲ್ಲ, ಅದು ಕಿರಿಯ ಓಟಗಾರರಿಗೆ ಎಂದು ಕೆಲವರ ಲೆಕ್ಕಾಚಾರ. ಅಲ್ಲವೇ ಅಲ್ಲ. ಕಿರಿಯ ಎಂದರೆ ಕೋಣ ಕಿರಿದು. ಅದರ ಹಲ್ಲು ನೋಡಿ ವಿಭಾಗ ಮಾಡುವುದು, ಓಟಗಾರನ ಮೀಸೆ ನೋಡಿ ಅಲ್ಲ. ಎಳೆಯ ಕೋಣಕ್ಕೆ ಕರೆಯ ಗದ್ದಲ ಹೊಸತು. ಬ್ಯಾಂಡು, ಮೈಕು, ದೊಡ್ಡ ಲೈಟು ನೋಡಿ ಬೆದರೀತು, ಬದಿಗೆ ಎಳೆದೀತು. ಓಟಗಾರನೂ ಹೊಸಬ, ಕೋಣವೂ ಹೊಸತು ಎಂದಾದರೆ ಇಬ್ಬರೂ ಸೇರಿ ದಂಡೆ ಹತ್ತುವುದೇ ಸೈ. ಹೊಸ ಹುಡುಗನಿಗೆ ನಿಜವಾಗಿ ಬೇಕಾದದ್ದು ಹತ್ತಾರು ಕರೆ ಕಂಡ, ಮಂಜೊಟ್ಟಿಯ ದಾರಿ ತಾನೇ ತಿಳಿದ ಹಳೆ ಜತೆ. ಅಂಥದ್ದು ಸಿಗುವುದು ಸ್ಪರ್ಧೆಯಲ್ಲಲ್ಲ, ಕುದಿಯಲ್ಲಿ.

ಕುದಿ ಎಂದರೆ ಸೀಸನ್ ಶುರುವಾಗುವ ಮೊದಲಿನ ತಾಲೀಮು ಓಟ. ಬಹುಮಾನ ಇಲ್ಲ, ಜನಜಂಗುಳಿ ಇಲ್ಲ. ಯಜಮಾನರು ತಮ್ಮ ಕೋಣ ಹೇಗುಂಟು ಎಂದು ನೋಡಲು ತರುತ್ತಾರೆ. ಹುಡುಗ ಹೇಗಿದ್ದಾನೆ ಎಂದು ನೋಡುವುದೂ ಅಲ್ಲೇ. ಶಿಬಿರ ಮುಗಿಸಿದವನು ಮೊದಲು ಕಣ್ಣಿಡಬೇಕಾದದ್ದು ಕುದಿಯ ಮೇಲೆ, ಐಕಳದ ಫೈನಲಿನ ಮೇಲೆ ಅಲ್ಲ.

ಅದಕ್ಕೂ ಮೊದಲೊಂದು ಮೆಟ್ಟಿಲು ಉಂಟು, ಅದನ್ನು ಹತ್ತಲಿಕ್ಕೆ ಹುಡುಗರಿಗೆ ನಾಚಿಕೆ. ಒಂದು ಜತೆ ಕೋಣದ ಹಿಂದೆ ಓಡುವವ ಒಬ್ಬನಾದರೆ, ಅದರ ಸುತ್ತ ದುಡಿಯುವವರು ಬಹಳ ಜನ. ಕೋಣ ಲಾರಿಯಿಂದ ಇಳಿಸುವವರು, ಮೈ ತೊಳೆಯುವವರು, ಗಂತಿನಲ್ಲಿ ಹಿಡಿದು ನಿಲ್ಲಿಸಿ ಸರಿಯಾದ ಕ್ಷಣಕ್ಕೆ ಬಿಡುವವರು. ಓಟದ ಪತ್ರ ಹಿಡಿದುಕೊಂಡು ಬಂದವನಿಗೆ ಸೆಗಣಿ ಬಾಚಲು ಹೇಳಿದರೆ ಮುಖ ಸಣ್ಣದಾಗುತ್ತದೆ. ಆದರೆ ಗಂತಿನಲ್ಲಿ ಒಂದು ಸೀಸನ್ ಕೋಣ ಹಿಡಿದು ನಿಂತವನಿಗೆ ಯಾವುದು ಮೊದಲು ಜಿಗಿಯುತ್ತದೆ, ಯಾವುದಕ್ಕೆ ಎಡಗಡೆ ಹೆದರಿಕೆ, ಯಾವುದು ಸೆಕೆಗೆ ಸೋಲುತ್ತದೆ ಎಂಬುದೆಲ್ಲ ಬಾಯಿಪಾಠ. ಶಿಬಿರದಲ್ಲಿ ಇದಕ್ಕೆ ಪಾಠ ಮಾಡಲಾಗುವುದಿಲ್ಲ. ಒಂದೊಂದು ಜತೆಯದ್ದು ಒಂದೊಂದು ಬುದ್ಧಿ.

ಕೋಣದ ಗುಣ ತಿಳಿಯುವ ಅಗತ್ಯ ಈಗ ಹಿಂದಿಗಿಂತ ಹೆಚ್ಚು. 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟಾಗ ದೊಡ್ಡ ಆಕ್ಷೇಪ ಇದ್ದದ್ದು ಹಿಂಸೆಯ ಬಗ್ಗೆ. ಆಮೇಲೆ ರಾಜ್ಯ ಕಾನೂನು ತಿದ್ದುಪಡಿ ಮಾಡಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ಕಂಬಳ ಉಳಿಯಿತು, ಬೆತ್ತದ ಕಾಲ ಹೋಯಿತು. ಹೊಡೆದು ಓಡಿಸುವ ಧೈರ್ಯದಲ್ಲಿ ಕರೆಗೆ ಇಳಿಯುವವನಿಗೆ ಮುಂದೆ ಜಾಗವಿಲ್ಲ.

ಓಟದ ವಿಭಾಗಗಳಲ್ಲಿ ಕೈ ಪಳಗುವವರೆಗೆ ಹಲಗೆಯ ಆಸೆಯನ್ನು ಪಕ್ಕಕ್ಕಿಡುವುದೇ ಒಳ್ಳೆಯದು. ಅಡ್ಡ ಹಲಗೆ, ಕನೆ ಹಲಗೆ ನೋಡಲು ಚೆಂದ. ಕನೆ ಹಲಗೆಯಲ್ಲಂತೂ ಅಂಗೈಯಗಲದ ಹಲಗೆಯ ಮೇಲೆ ಕಾಲೂರಿ, ಅದರ ತೂತಿನಿಂದ ನೀರನ್ನು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ಹಾರಿಸಬೇಕು. ಕೋಣ ಪೂರಾ ವೇಗದಲ್ಲಿ ಓಡುತ್ತಿರುವಾಗಲೇ! ಫಲಿತಾಂಶದ ಪಟ್ಟಿಯಲ್ಲೂ ಉಳಿದವರು 'ಓಡಿಸಿದವರು' ಆದರೆ ಇವರು 'ಹಲಗೆ ಮುಟ್ಟಿದವರು'. ಆ ಮರ್ಯಾದೆ ಸುಮ್ಮನೆ ಬಂದದ್ದಲ್ಲ.

ಒಂದು ಓಟವಲ್ಲ, ಒಂದು ರಾತ್ರಿ

ಹದಿಮೂರು ಸೆಕೆಂಡಿನ ಕೆಲಸ, ಅದಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳುವವರುಂಟು. ಕಂಬಳ ಹದಿಮೂರು ಸೆಕೆಂಡಿನದ್ದಲ್ಲ. ಶನಿವಾರ ಬೆಳಿಗ್ಗೆ ಶುರುವಾದದ್ದು ಆದಿತ್ಯವಾರ ಬೆಳಗಾದರೂ ಮುಗಿಯುವುದಿಲ್ಲ. ನೂರಕ್ಕೂ ಮಿಕ್ಕಿ ಜತೆ ಬಂದರೆ ಕೇಳುವುದೇ ಬೇಡ. ಮೊದಲ ಸುತ್ತು, ಆಮೇಲೆ ಕ್ವಾರ್ಟರ್, ಸೆಮಿ, ಫೈನಲ್. ಗೆದ್ದಷ್ಟೂ ಓಟ ಹೆಚ್ಚು. ಹೆಸರಾದ ಓಟಗಾರರು ಒಂದಕ್ಕಿಂತ ಹೆಚ್ಚು ಜತೆ ಓಡಿಸುತ್ತಾರೆ, ಅವರ ಲೆಕ್ಕ ಇನ್ನೂ ದೊಡ್ಡದು. ಸಂಜೆ ಆರಕ್ಕೆ ಓಡಿದ ಕಾಲು ಮತ್ತೆ ರಾತ್ರಿ ಎರಡಕ್ಕೆ, ಮತ್ತೆ ಬೆಳಿಗ್ಗೆ ಏಳಕ್ಕೆ ಅದೇ ವೇಗದಲ್ಲಿ ಓಡಬೇಕು. ನಡುವೆ ನಿದ್ದೆ ಇಲ್ಲ, ಒದ್ದೆ ಮೈಗೆ ಚಳಿ ಬೇರೆ.

ಹೊಸ ಹುಡುಗ ಸೋಲುವುದು ಇಲ್ಲಿ. ಅವನು ಮನೆಯ ಹತ್ತಿರ ದಿನಕ್ಕೊಂದು ಸಲ ಜೀವ ಬಿಟ್ಟು ಓಡಿ, ಮೊಬೈಲಿನಲ್ಲಿ ಸಮಯ ನೋಡಿ ಖುಷಿಪಟ್ಟು ಬಂದವ. ಮಾಡಬೇಕಾದದ್ದು ಬೇರೆ. ಒಂದು ಓಟ, ಐದಾರು ನಿಮಿಷ ಸುಮ್ಮನೆ ನಡಿಗೆ, ಮತ್ತೊಂದು ಓಟ. ಹೀಗೆ ಮೊದಲ ವಾರ ನಾಲ್ಕು ಸಲ, ಅದು ಸಲೀಸಾದ ಮೇಲೆ ಐದು, ಆರು. ಕೊನೆಯ ಓಟ ಮೊದಲಿನಷ್ಟೇ ಚುರುಕಾಗಿರಬೇಕು. ಇಲ್ಲವಾದರೆ ಆ ದಿನಕ್ಕೆ ಅಷ್ಟೇ ಸಾಕು. ಇಂಥದ್ದು ವಾರಕ್ಕೆ ಎರಡು ದಿನ ಬಿಟ್ಟು ಮೂರನೆಯದು ಬೇಡ. ಉಳಿದ ದಿನ ಮಾತಾಡುತ್ತಾ ಓಡಬಹುದಾದ ನಿಧಾನದ ಓಟ. ಒಂದು ದಿನ ಪೂರ್ತಿ ರಜೆ.

ನಿಧಾನದ ಓಟ ಎಂದರೆ ಹುಡುಗರಿಗೆ ತಾತ್ಸಾರ. ಕೋಣದ ಹಿಂದೆ ಓಡುವವನಿಗೆ ಅದೆಲ್ಲ ಯಾಕೆ ಎನ್ನುತ್ತಾರೆ. ಆದರೆ ಶರೀರದ ಒಂದು ಗುಟ್ಟು ಇಲ್ಲುಂಟು. ತರಬೇತಿ ಶುರುವಾದ ಕೆಲವೇ ವಾರಗಳಲ್ಲಿ ಉಸಿರು ಪಳಗುತ್ತದೆ, ಸ್ನಾಯುಗಳಿಗೆ ಬಲ ಬರುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿದ ಹುರಿ ಉಂಟಲ್ಲ, ಅದಕ್ಕೂ ಮೂಳೆಗೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಶಿಬಿರ ಮುಗಿಸಿದ ಹುಡುಗನಿಗೆ ತನಗೆ ಏನೂ ಆಗದು ಎಂದು ತೋರುವುದು ಇದರಿಂದಲೇ. ಎಂಜಿನ್ ಹೊಸತು, ಚಾಸಿಸ್ ಹಳತು! ಹಿಮ್ಮಡಿಯ ಮೇಲಿನ ಹುರಿ, ಮೊಣಕಾಲು, ತೊಡೆಯ ಹಿಂಬದಿ, ಈ ಮೂರು ಕಡೆ ನೋವು ಬರುವುದು ಹೆಚ್ಚಾಗಿ ಈ ಅವಧಿಯಲ್ಲಿ. ಮಾಲಿಶು ಮಾಡಿಸಿಕೊಂಡು ನೋವಿನ ಮಾತ್ರೆ ನುಂಗಿ ಮತ್ತೆ ಕರೆಗೆ ಇಳಿದವರಲ್ಲಿ ಕೆಲವರು ಮತ್ತೆ ಓಡಲಿಲ್ಲ.

ಮಳೆಗಾಲವನ್ನು ಕಳೆದುಕೊಳ್ಳುವವನೇ ಸೀಸನಿನಲ್ಲಿ ಅವಸರ ಮಾಡುವವನು. ಜೂನಿನಿಂದ ಅಕ್ಟೋಬರಿನವರೆಗೆ ಐದು ತಿಂಗಳು ಸಿಗುತ್ತದೆ. ಈ ಕಡೆ ಗುಡ್ಡೆಗೆ ಬರಗಾಲವಿಲ್ಲ. ಏರು ದಾರಿಯಲ್ಲಿ ಮೇಲಕ್ಕೆ ಓಡಿ ಕೆಳಕ್ಕೆ ನಡೆದು ಬರುವುದು ಕಾಲಿಗೆ ಬಲ ಕೊಡುತ್ತದೆ, ಪೆಟ್ಟು ಕಡಿಮೆ. ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಮಾತ್ರ ಬೇಡ. ನೇಜಿಗೆ ಮೊದಲು ಹದ ಮಾಡಿದ ಗದ್ದೆಯಲ್ಲಿ ಕೋಣ ಇಲ್ಲದೆ ಬರಿಗಾಲಲ್ಲಿ ಓಡಿದರೆ ಕೆಸರಿನಿಂದ ಕಾಲು ಕೀಳುವ ಅಂದಾಜು ಬರುತ್ತದೆ. ಗದ್ದೆಯವರ ಹತ್ತಿರ ಕೇಳಿ ಇಳಿಯಬೇಕು ಅಷ್ಟೆ. ಕೈ, ಭುಜ, ಸೊಂಟವೂ ಮರೆಯಬಾರದು. ಹಗ್ಗದ ಓಟದಲ್ಲಿ ಎರಡು ಕೋಣಗಳ ಎಳೆತ ತಡೆಯುವುದು ಅವೇ. ಅಡಿಕೆ ಮೂಟೆ ಹೊರುವವರು, ಕಲ್ಲು ಎತ್ತುವವರು, ಗಾರೆ ಕೆಲಸದವರು ಈ ಓಟದಲ್ಲಿ ಮುಂದೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಗಾರೆಯ ಮಾತು ಬಂದದ್ದರಿಂದ ಹೊಟ್ಟೆಪಾಡಿನ ಮಾತೂ ಬರಲಿ. ಗೆದ್ದ ಕೋಣಕ್ಕೆ ಬರುವ ಬಂಗಾರ, ಸಾಮಾನ್ಯವಾಗಿ ಮೊದಲನೆಯದಕ್ಕೆ ಎರಡು ಪವನ್, ಎರಡನೆಯದಕ್ಕೆ ಒಂದು, ಸೇರುವುದು ಯಜಮಾನರಿಗೆ. ಓಟಗಾರನಿಗೆ ಅವರು ಕೊಟ್ಟದ್ದು. ದೊಡ್ಡ ಹೆಸರಿನವರಿಗೆ ಒಳ್ಳೆಯದೇ ಸಿಗುತ್ತದೆ, ಹೊಸಬನಿಗೆ ಬಸ್ಸಿನ ಚಾರ್ಜು ಊಟ ಕಳೆದು ಉಳಿದರೆ ಭಾಗ್ಯ. ಐಕಳದಲ್ಲಿ ಓಡಿ ಲೋಕಪ್ರಸಿದ್ಧರಾದ ದಿನಗಳಲ್ಲೂ ಶ್ರೀನಿವಾಸ ಗೌಡರು ಕಟ್ಟಡ ಕೆಲಸದ ಕಾರ್ಮಿಕರೇ. ಓದು ಬಿಟ್ಟು, ಕೈಯಲ್ಲಿರುವ ಕೆಲಸ ಬಿಟ್ಟು ಕರೆ ನಂಬಿದವನಿಗೆ ಏಪ್ರಿಲಿನಲ್ಲಿ ಏನು ಗತಿ ಎಂಬುದನ್ನು ಮನೆಯವರು ಈಗಲೇ ಕೇಳುವುದು ಕ್ಷೇಮ.

ಟ್ರ್ಯಾಕಿಗೆ ಹೋಗುವುದಾದರೆ

ಹಾಗಾದರೆ ಕಂಬಳದ ಹುಡುಗ ಟ್ರ್ಯಾಕಿಗೆ ಹೋಗಬಾರದೆ? ಹೋಗಬಹುದು. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಉಂಟು. ಆಳ್ವಾಸ್ ಸಂಸ್ಥೆಯಿಂದಾಗಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟವೇ ಆ ಊರಿಗೆ ಬಂದು ಹೋಗಿದೆ. ಆದರೆ ವಯಸ್ಸು ನೋಡಿ ಹೋಗಬೇಕು. ಇಪ್ಪತ್ತೆಂಟಕ್ಕೆ ಹಿಮ್ಮಡಿಯ ಓಟ ಮರೆತು ಬೆರಳಿನ ಓಟ ಕಲಿಯುವುದು, ಬಗ್ಗಿ ಬ್ಲಾಕಿನಿಂದ ಹೊರಡುವುದು, ಹಗ್ಗವಿಲ್ಲದೆ ಕೈ ಬೀಸುವುದು, ಇವೆಲ್ಲ ಹೊಸತಾಗಿ ಅಕ್ಷರ ಕಲಿತ ಹಾಗೆ. ಹದಿನಾಲ್ಕು ಹದಿನೈದರ ಹುಡುಗನಾದರೆ ಮಾತು ಬೇರೆ. ಅವನನ್ನು ಕೋಣದ ಹಿಂದೆ ಬಿಡುವ ಮೊದಲು ಶಾಲೆಯ ಪಿ.ಟಿ. ಮಾಸ್ಟ್ರ ಹತ್ತಿರ ಒಮ್ಮೆ ಓಡಿಸಿ ನೋಡಲಿ. ಎರಡು ದೋಣಿಯಲ್ಲಿ ಕಾಲಿಟ್ಟು ವಾರದ ಮೂರು ದಿನ ಟ್ರ್ಯಾಕು, ಶನಿವಾರ ಕಂಬಳ ಎಂದು ಹೊರಟರೆ ಎರಡೂ ಅರ್ಧ, ಕಾಲೂ ಅರ್ಧ.

ಹುಡುಗಿಯರಿಗೆ ಕಂಬಳದ ಓಟ ಇಲ್ಲ, ಅವರ ದಾರಿ ಟ್ರ್ಯಾಕಿನದ್ದೇ. ಕುಂದಾಪುರ ತಾಲೂಕಿನ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸಿನಲ್ಲಿ ಚಿನ್ನ ಗೆದ್ದದ್ದನ್ನು ಜಿಲ್ಲೆ ಮರೆತಿಲ್ಲ. ಮರುವರ್ಷವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ನಿಷೇಧಕ್ಕೆ ಒಳಗಾದದ್ದನ್ನೂ ಮರೆಯಬಾರದು. ತರಬೇತುದಾರರು ಕೊಟ್ಟ ಪೂರಕ ಆಹಾರದಿಂದ ಹಾಗಾಯಿತು ಎಂಬುದು ಆಗಿನ ವಾದ. ಈಗ ಪೇಟೆಪೇಟೆಯಲ್ಲಿ ಜಿಮ್, ಜಿಮ್ಮಿನಲ್ಲಿ ಪುಡಿಯ ಡಬ್ಬ. ಕಂಬಳದಲ್ಲಿ ಓಡುವವನಿಗಾಗಲಿ ಟ್ರ್ಯಾಕಿನಲ್ಲಿ ಓಡುವವಳಿಗಾಗಲಿ ಆ ಡಬ್ಬದಲ್ಲಿ ಏನುಂಟೆಂದು ಮಾರುವವರಿಗೂ ಗೊತ್ತಿರುವುದಿಲ್ಲ. ಕೋಣಕ್ಕೆ ಬೇಯಿಸುವ ಹುರುಳಿಯಲ್ಲೇ ಒಂದು ಸೌಟು ತಿಂದರೆ ಅದಕ್ಕಿಂತ ವಾಸಿ.

ಇನ್ನು ಗಾಯದ ವಿಷಯ. ಕರೆಯ ನೀರು ಕೆಂಪಗೆ ಚೆಂದ ಕಾಣುತ್ತದೆ, ಆದರೆ ಅದರಲ್ಲಿ ಕೋಣದ ಮೂತ್ರ, ಸೆಗಣಿ ಎಲ್ಲ ಸೇರಿರುತ್ತದೆ. ಕರಾವಳಿಯಲ್ಲಿ ಇಲಿಜ್ವರ ಹೊಸತಲ್ಲ, ಅದರ ರೋಗಾಣು ಒಳಗೆ ಹೋಗುವುದು ಇಂಥ ನೀರಿನಿಂದ, ಕಾಲಿನ ಸಣ್ಣ ಗೀರಿನ ಮೂಲಕ. ಹಿಮ್ಮಡಿ ಒಡೆದಿದ್ದರೆ, ಉಗುರು ಕಿತ್ತಿದ್ದರೆ ಅದು ಮಾಯುವವರೆಗೆ ಕೆಸರಿಗೆ ಇಳಿಯಬಾರದು. ಓಟ ಮುಗಿದ ಕೂಡಲೇ ಒಳ್ಳೆ ನೀರು, ಸಾಬೂನು. ಸೀಸನ್ ಮೊದಲೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡರೆ ಖರ್ಚಿಲ್ಲ. ಕಂಬಳ ಕಳೆದು ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಕಷಾಯ ಕುಡಿದು ಕೂರದೆ ಡಾಕ್ಟರ ಹತ್ತಿರ ಹೋಗಿ, ಕೆಸರಿನಲ್ಲಿ ಓಡಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?